ಗಂಟು ಮೀನಖಂಡದಲ್ಲಿ, ಸೋರಿಕೆ ತೊಡೆಯಲ್ಲಿ

"ಡಾಕ್ಟ್ರೇ, ಈ ನರ ಒಂದನ್ನ ಸುಟ್ಟುಬಿಡಿ ಸಾಕು. ಲೇಸರ್‌ನಲ್ಲಿ ಹತ್ತು ನಿಮಿಷದ ಕೆಲಸ ಅಂತೆ."

ಹೇಳಿದವರು ಒಬ್ಬ ಮೇಷ್ಟ್ರು. ಮೂವತ್ತು ವರ್ಷ ಕರಿಹಲಗೆಯ ಮುಂದೆ ನಿಂತ ಕಾಲು ಅದು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಮೀನಖಂಡದ ಒಳಬದಿಯಲ್ಲಿ ಸುರುಳಿ ಸುತ್ತಿಕೊಂಡಿದ್ದ ಗಂಟನ್ನು, ಅಂದರೆ ವೆರಿಕೋಸ್ ವೇನ್ಸ್ ಎನ್ನುವ ಉಬ್ಬಿದ ರಕ್ತನಾಳವನ್ನು, ಬೆರಳಿಟ್ಟು ತೋರಿಸಿದರು. ನಾನು ಅದನ್ನು ಒಮ್ಮೆ ಮುಟ್ಟಿ ನೋಡಿದೆ. ಆಮೇಲೆ ಅವರನ್ನು ನಿಲ್ಲಿಸಿ, ಸ್ಕ್ಯಾನಿನ ಪ್ರೋಬನ್ನು ಸೀದಾ ತೊಡೆಸಂದಿಗೆ ಇಟ್ಟೆ. ಅವರಿಗೆ ಮುಜುಗರವೂ ಆಯಿತು, ಅನುಮಾನವೂ ಬಂತು. "ಅಲ್ಲ ಡಾಕ್ಟ್ರೇ, ತೊಂದರೆ ಇರೋದು ಕೆಳಗಲ್ವಾ?"

ತೊಂದರೆ ಕಾಣಿಸುವುದು ಕೆಳಗೆ. ಇರುವುದು ಹೆಚ್ಚಿನ ಸಲ ಒಂದೂವರೆ ಅಡಿ ಮೇಲೆ.

ಕಾಲಿನ ರಕ್ತ ಹೃದಯಕ್ಕೆ ವಾಪಸ್ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡುತ್ತದೆ, ರಕ್ತ ಮೇಲೆ ಚಿಮ್ಮುತ್ತದೆ. ಮತ್ತೆ ಕೆಳಗೆ ಜಾರದಂತೆ ನಾಳದ ಒಳಗೆ ಅಲ್ಲಲ್ಲಿ ಕವಾಟಗಳಿವೆ. ಒಂದೇ ಕಡೆ ತೆರೆಯುವ ಬಾಗಿಲುಗಳು. ಈ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ಮಾಡುವುದು ಸ್ನಾಯುವಿನ ಆಳದಲ್ಲಿರುವ ದೊಡ್ಡ ನಾಳಗಳು. ಚರ್ಮದ ಹತ್ತಿರ ಇರುವವು ಉಳಿದ ಒಂದು ಪಾಲು ಹೊರುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಕಣಕಾಲಿನ ಒಳಬದಿಯಿಂದ ಹೊರಟು ತೊಡೆಸಂದಿನಲ್ಲಿ ಆಳದ ನಾಳಕ್ಕೆ ಸೇರುವ ಸಫೀನಸ್. ದೇಹದಲ್ಲೇ ಅತಿ ಉದ್ದದ ಅಭಿಧಮನಿ ಇದು. ಇದರ ಮೇಲ್ತುದಿಯ ಬಾಗಿಲು ಸಡಿಲವಾದರೆ ರಕ್ತ ಹಿಂದಕ್ಕೆ ಸುರಿಯುತ್ತದೆ. ಅದರ ಒತ್ತಡಕ್ಕೆ ಕೆಳಗಿನ ಬಾಗಿಲುಗಳೂ ಒಂದೊಂದಾಗಿ ಸೋಲುತ್ತವೆ. ಕೊನೆಗೆ ಮೀನಖಂಡದ ತೆಳು ಗೋಡೆಯ ಕವಲುಗಳು ಉಬ್ಬುತ್ತವೆ. ನಮಗೆ ಕಾಣುವ ಗಂಟು ಅದೇ.

ಮಹಡಿಯ ಮೇಲೆ ಪೈಪು ಒಡೆದು ಕೆಳಗಿನ ಗೋಡೆ ಉಬ್ಬಿದೆ ಎಂದುಕೊಳ್ಳಿ. ಗೋಡೆ ಕೆರೆದು ಬಣ್ಣ ಹಚ್ಚಿದರೆ ನಾಲ್ಕು ತಿಂಗಳು ಚೆನ್ನಾಗಿ ಕಾಣುತ್ತದೆ, ಅಷ್ಟೇ.

ರಕ್ತ ಹರಿಯುವ ದಿಕ್ಕನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲಿ ನಾವು ನೋಡುವುದು ಈ ಸೋರಿಕೆಯನ್ನೇ. ಮೀನಖಂಡವನ್ನು ಕೈಯಿಂದ ಹಿಂಡಿ ಬಿಡುತ್ತೇವೆ. ರಕ್ತ ಮೇಲೆ ಹೋಗಬೇಕು, ಬಿಟ್ಟ ಕೂಡಲೇ ನಿಲ್ಲಬೇಕು. ಈ ನಾಳದಲ್ಲಿ ಅದು 0.5 ಸೆಕೆಂಡಿಗಿಂತ ಜಾಸ್ತಿ ಹೊತ್ತು ಹಿಂದಕ್ಕೆ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ಮೇಷ್ಟ್ರ ಕಾಲಿನಲ್ಲಿ ಮೂರು ಸೆಕೆಂಡಾದರೂ ನಿಲ್ಲಲಿಲ್ಲ. ಪರದೆಯ ಮೇಲಿನ ಬಣ್ಣ ನೋಡಿ ಅವರೇ ಸುಮ್ಮನಾದರು. ಈ ಸ್ಕ್ಯಾನ್ ಮಾಡದೆ, ಬರೀ ಕಣ್ಣಿಂದ ನೋಡಿ "ಲೇಸರ್ ಮಾಡೋಣ" ಎನ್ನುವವರು ಸಿಕ್ಕರೆ ಎದ್ದು ಬನ್ನಿ.

ಸೋರುವ ನಾಳವನ್ನು ಏನು ಮಾಡುವುದು? ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ 1890ರ ಹೊತ್ತಿಗೇ ಅದನ್ನು ತೊಡೆಯಲ್ಲಿ ಕಟ್ಟಿಬಿಡುತ್ತಿದ್ದರು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ನಾಳದೊಳಗೆ ತಂತಿ ತೂರಿಸಿ ಇಡೀ ನಾಳವನ್ನೇ ಎಳೆದು ಕೀಳುವ ಆಪರೇಷನ್ ಬಂತು. ಸುಮಾರು ನೂರು ವರ್ಷ ಅದೇ ನಡೆಯಿತು. ನಾನು ಕಲಿಯುವಾಗ ಮಾಡಿದ್ದೂ ಅದನ್ನೇ. ಕೆಲಸ ಆಗುತ್ತಿತ್ತು, ಸುಳ್ಳು ಹೇಳಬಾರದು. ಆದರೆ ತೊಡೆಯಿಡೀ ನೀಲಿಗಟ್ಟುತ್ತಿತ್ತು, ವಾರಗಟ್ಟಲೆ ಕುಂಟು. ಸ್ಪೇನಿನ ಕಾರ್ಲೋಸ್ ಬೋನೆ ಎಂಬ ವೈದ್ಯರು ನಾಳದೊಳಗೇ ಲೇಸರ್ ಬಿಡುವ ವಿಧಾನವನ್ನು 1999ರಲ್ಲಿ ವರದಿ ಮಾಡಿದರು. ರೇಡಿಯೋ ಫ್ರೀಕ್ವೆನ್ಸಿ ಬಂದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ. ಕೀಳುವುದು ಬೇಡ, ಒಳಗಿನಿಂದ ಬಿಸಿ ಮಾಡಿ ಮುಚ್ಚಿದರೆ ಸಾಕು ಎಂಬುದು ಎರಡರ ಹಿಂದಿನ ಯೋಚನೆ. 2013ರಲ್ಲಿ ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಈ ಬಿಸಿ ಚಿಕಿತ್ಸೆಯನ್ನು ಮೊದಲ ಆಯ್ಕೆ ಎಂದಿತು. ಅದು ಆಗದಿದ್ದರೆ ನಾಳ ಮುಚ್ಚಿಸುವ ಔಷಧಿಯನ್ನು ನೊರೆ ಮಾಡಿ ಒಳಗೆ ಬಿಡುವ ನೊರೆ ಇಂಜೆಕ್ಷನ್, ಅದೂ ಆಗದಿದ್ದರೆ ಆಪರೇಷನ್.

ಮಾಡುವ ಕ್ರಮ ಹೀಗೆ. ಮೊಣಕಾಲಿನ ಆಸುಪಾಸಿನಲ್ಲಿ ಸ್ಕ್ಯಾನ್ ನೋಡಿಕೊಂಡೇ ಸೂಜಿಯಿಂದ ನಾಳದೊಳಗೆ ಹೋಗುತ್ತೇವೆ. ಕೊಯ್ತ ಇಲ್ಲ, ಹೊಲಿಗೆ ಇಲ್ಲ. ಕೊಳವೆಯಂಥ ತೆಳ್ಳನೆಯ ಕ್ಯಾಥೆಟರನ್ನು ತೊಡೆಸಂದಿನವರೆಗೆ ತಳ್ಳಿ, ಆಳದ ನಾಳ ಸೇರುವ ಜಾಗಕ್ಕೆ ಸುಮಾರು 2 ಸೆಂಟಿಮೀಟರ್ ಇರುವಂತೆ ತುದಿಯನ್ನು ನಿಲ್ಲಿಸುತ್ತೇವೆ. ಇಡೀ ಕೆಲಸದಲ್ಲಿ ನಾನು ಉಸಿರು ಬಿಗಿಹಿಡಿಯುವುದು ಈ 2 ಸೆಂಟಿಮೀಟರಿಗೆ. ತುದಿ ಮುಂದೆ ಹೋದರೆ ಬಿಸಿ ಆಳದ ನಾಳಕ್ಕೆ ತಾಗಿ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ತೀರಾ ಹಿಂದೆ ನಿಂತರೆ ಸೋರುವ ತುಂಡೊಂದು ಹಾಗೇ ಉಳಿಯುತ್ತದೆ.

ಬಿಸಿ ಮಾಡುವ ಮೊದಲು ನೀರು. ಹೌದು, ತಣ್ಣಗಿನ ಸಲೈನು. ಅದಕ್ಕೆ ಮರಗಟ್ಟಿಸುವ ಲಿಡೊಕೇನ್, ಸ್ವಲ್ಪ ಅಡ್ರಿನಲಿನ್ ಬೆರೆಸಿ, ನಾಳದ ಸುತ್ತಲೂ ಉದ್ದಕ್ಕೆ ತುಂಬುತ್ತೇವೆ. ಇಡೀ ತೊಡೆಗೆ ಕಾಲು ಲೀಟರಿನಿಂದ ಅರ್ಧ ಲೀಟರ್ ಹಿಡಿಯುತ್ತದೆ. ಈ ಉಪಾಯ ಬಂದದ್ದು ರಕ್ತನಾಳದ ವೈದ್ಯರಿಂದ ಅಲ್ಲ. ಕೊಬ್ಬು ತೆಗೆಯುವ ಚಿಕಿತ್ಸೆಗಾಗಿ 1980ರ ದಶಕದಲ್ಲಿ ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ ಕಂಡುಕೊಂಡದ್ದು. ಈ ನೀರು ಮೂರು ಕೆಲಸ ಮಾಡುತ್ತದೆ. ನೋವು ತಡೆಯುತ್ತದೆ. ನಾಳವನ್ನು ಸುತ್ತಲಿಂದ ಅದುಮಿ ಬಿಸಿ ತುದಿಗೆ ಅಂಟಿಸುತ್ತದೆ. ಬಿಸಿ ಹೊರಗೆ ಹರಡದಂತೆ ಹೀರಿಕೊಳ್ಳುತ್ತದೆ. ಹೆಸರು ಬಿಸಿ ಚಿಕಿತ್ಸೆ ಎಂದಿದ್ದರೂ ಅರ್ಧ ಕೆಲಸ ಈ ನೀರಿನದ್ದು. ಹೆಚ್ಚು ಸಮಯ ಹಿಡಿಯುವುದೂ ಇದಕ್ಕೇ. ನೋವಾಗುವುದಿದ್ದರೆ ಇಲ್ಲೇ, ಸೂಜಿ ಚುಚ್ಚುವಾಗ.

ಆಮೇಲಿನದು ಬೇಗ ಮುಗಿಯುತ್ತದೆ. ರೇಡಿಯೋ ಫ್ರೀಕ್ವೆನ್ಸಿಯಲ್ಲಿ ಕ್ಯಾಥೆಟರಿನ ತುದಿಯ 7 ಸೆಂಟಿಮೀಟರ್ ಸುರುಳಿ 120 ಡಿಗ್ರಿಗೆ ಬಿಸಿಯಾಗುತ್ತದೆ. 20 ಸೆಕೆಂಡ್ ಹಿಡಿದು, ಒಂದು ತುಂಡು ಹಿಂದೆ ಎಳೆದು, ಮತ್ತೆ 20 ಸೆಕೆಂಡ್. ಲೇಸರಿನಲ್ಲಿ ತೆಳು ಫೈಬರನ್ನು ಒಂದೇ ಸಮನೆ ನಿಧಾನಕ್ಕೆ ಎಳೆಯುತ್ತೇವೆ. ನಾಳದ ಗೋಡೆ ಬೆಂದು ಮುದುಡಿ ಮುಚ್ಚಿಕೊಳ್ಳುತ್ತದೆ. ಮುಂದಿನ ತಿಂಗಳುಗಳಲ್ಲಿ ದೇಹವೇ ಅದನ್ನು ಕರಗಿಸಿ ನಾರಿನಂತೆ ಮಾಡುತ್ತದೆ.

ಲೇಸರ್ ಒಳ್ಳೇದಾ, ರೇಡಿಯೋ ಫ್ರೀಕ್ವೆನ್ಸಿನಾ? ಎಲ್ಲರೂ ಕೇಳುತ್ತಾರೆ. ಹಳೆಯ 810, 980 ನ್ಯಾನೋಮೀಟರ್ ಲೇಸರುಗಳು ರಕ್ತದ ಹಿಮೋಗ್ಲೋಬಿನ್ನನ್ನು ಹುಡುಕಿ ಬಿಸಿ ಮಾಡುತ್ತಿದ್ದವು. ನಾಳ ಅಲ್ಲಲ್ಲಿ ತೂತಾಗಿ ಕಾಲು ನೀಲಿಯಾಗುತ್ತಿತ್ತು, ನೋವೂ ಜಾಸ್ತಿ. ಈಗಿನ 1470 ನ್ಯಾನೋಮೀಟರ್ ಲೇಸರನ್ನು ನೀರು ಚೆನ್ನಾಗಿ ಹೀರುತ್ತದೆ. ನಾಳದ ಗೋಡೆಯಲ್ಲಿ ನೀರಿನಂಶ ಹೇರಳ. ಹಾಗಾಗಿ ಕಡಿಮೆ ಶಕ್ತಿಯಲ್ಲಿ ಕೆಲಸ ಆಗುತ್ತದೆ. ಈಗ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಎರಡರಲ್ಲೂ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ನಾಳಗಳು ಮುಚ್ಚುತ್ತವೆ. ಮೆಷಿನ್ ಯಾವುದು ಎಂದು ಕೇಳುವ ಬದಲು ಸ್ಕ್ಯಾನ್ ಮಾಡುವವರು ಯಾರು, ಎಷ್ಟು ಹೊತ್ತು ನೋಡುತ್ತಾರೆ ಎಂದು ಕೇಳಿ ಎನ್ನುತ್ತೇನೆ.

ಇಲ್ಲಿ ನಮ್ಮ ಭಾಷೆಯ ಒಂದು ಮಾತು. ಮೇಷ್ಟ್ರು "ನರ ಸುಟ್ಟುಬಿಡಿ" ಅಂದರಲ್ಲ, ನಾವೆಲ್ಲ ಹಾಗೇ ಹೇಳುವುದು. ನರ ಉಬ್ಬಿದೆ, ಸೂಜಿಗೆ ನರ ಸಿಗ್ತಿಲ್ಲ. ರಕ್ತನಾಳಕ್ಕೂ ನರವೇ, ಸ್ಪರ್ಶ ತಿಳಿಸುವುದಕ್ಕೂ ನರವೇ. ಮಾತಿನಲ್ಲಿ ತೊಂದರೆ ಇಲ್ಲ, ಕಾಲಿನಲ್ಲಿ ಇದೆ. ಮೊಣಕಾಲಿನ ಕೆಳಗೆ ಸಫೀನಸ್ ನಾಳಕ್ಕೆ ಅಂಟಿಕೊಂಡ ಹಾಗೆ ನಿಜವಾದ ನರವೊಂದು ಸಾಗುತ್ತದೆ. ಮೀನಖಂಡದ ಹಿಂದಿನ ಸಣ್ಣ ಸಫೀನಸ್ ಪಕ್ಕದಲ್ಲೂ ಇನ್ನೊಂದಿದೆ. ಅವಕ್ಕೆ ಬಿಸಿ ತಾಗಿದರೆ ಕಣಕಾಲಿನ ಹತ್ತಿರ ಜೋಮು ಹಿಡಿದ ಹಾಗೆ ಆಗುತ್ತದೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಹೋಗುತ್ತದೆ, ಕೆಲವರಿಗೆ ಉಳಿಯುತ್ತದೆ. ಆದ್ದರಿಂದಲೇ ಮೊಣಕಾಲಿನಿಂದ ಕೆಳಗೆ ನಾನು ಬಿಸಿ ಬಳಸುವುದು ಕಡಿಮೆ. ಅಲ್ಲಿಗೆ ನೊರೆ ಇಂಜೆಕ್ಷನ್ ವಾಸಿ.

"ಒಂದು ನಾಳ ಮುಚ್ಚಿಬಿಟ್ರೆ ರಕ್ತ ಎಲ್ಲಿಗೆ ಹೋಗುತ್ತೆ?" ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಸೋರುವ ನಾಳ ರಕ್ತವನ್ನು ಮೇಲೆ ಒಯ್ಯುತ್ತಲೇ ಇಲ್ಲ, ಕೆಳಗೆ ಸುರಿಯುತ್ತಿದೆ. ಅದು ಮುಚ್ಚಿದರೆ ಆಳದ ನಾಳಗಳ ಹೊರೆ ಇಳಿಯುತ್ತದೆ. ಆದರೆ ಹಿಂದೆ ಯಾವಾಗಲೋ ರಕ್ತ ಹೆಪ್ಪುಗಟ್ಟಿ ಆಳದ ನಾಳವೇ ಕಟ್ಟಿಕೊಂಡಿದ್ದರೆ ಕಥೆ ಬೇರೆ. ಆಗ ಮೇಲಿನ ಉಬ್ಬಿದ ನಾಳವೇ ರಕ್ತಕ್ಕೆ ಉಳಿದಿರುವ ಬಳಸುದಾರಿ. ಅದನ್ನು ಮುಚ್ಚಿದರೆ ಕಾಲು ಕೆಡುತ್ತದೆ. ಮುಂದೆ ಹೃದಯದ ಬೈಪಾಸಿಗೆ ಈ ನಾಳ ಬೇಕಾದರೆ ಎಂದು ಹೆದರುವವರೂ ಇದ್ದಾರೆ. ಹಿಗ್ಗಿ ಸೊಟ್ಟಗಾದ ನಾಳ ಅದಕ್ಕೆ ಹೇಗೂ ಚೆನ್ನಾಗಿ ಒದಗುವುದಿಲ್ಲ.

ಮುಗಿದ ಕೂಡಲೇ ಎದ್ದು ನಡೆಯಬೇಕು. ನಡೆಯುವುದೇ ಔಷಧಿ. ಬಿಗಿ ಸ್ಟಾಕಿಂಗ್ಸ್ ಒಂದೆರಡು ವಾರ. ಮೊದಲ ದಿನಗಳು ಆರಾಮಾಗಿ ಕಳೆದು, ವಾರದ ಹೊತ್ತಿಗೆ ತೊಡೆಯೊಳಗೆ ಹುರಿ ಎಳೆದಂತೆ ಬಿಗಿತ ಶುರುವಾಗುತ್ತದೆ. ಮೊದಲೇ ಹೇಳದಿದ್ದರೆ ಜನ ಗಾಬರಿಯಾಗಿ ಫೋನ್ ಮಾಡುತ್ತಾರೆ. ಅದು ನಾಳ ಮುದುಡುವ ಲಕ್ಷಣ, ತಾನಾಗಿ ಹೋಗುತ್ತದೆ. ಗಾಬರಿ ಬೀಳಬೇಕಾದದ್ದು ಬೇರೆ ಇದೆ. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯುವುದು, ಉಸಿರು ಕಟ್ಟುವುದು, ಎದೆ ನೋವು. ಆಳದ ನಾಳದಲ್ಲಿ ಹೆಪ್ಪುಗಟ್ಟುವುದು ಅಪರೂಪ, ನೂರಕ್ಕೆ ಒಬ್ಬರು ಅಥವಾ ಅದಕ್ಕೂ ಕಡಿಮೆ. ಆದರೂ ಮರುಸ್ಕ್ಯಾನ್ ತಪ್ಪಿಸಬೇಡಿ.

ಇನ್ನು ಜೇಡರ ಬಲೆಯಂತೆ ಕಾಣುವ ಕೆಂಪು, ನೀಲಿ ಗೆರೆಗಳು. ಇವು 1 ಮಿಲಿಮೀಟರಿಗಿಂತ ಸಣ್ಣವು. ಒಳಗೆ ಯಾವ ಫೈಬರೂ ಹೋಗುವುದಿಲ್ಲ. ಇವಕ್ಕೂ ಬಿಸಿ ಕೊಡಬಹುದು, ಆದರೆ ಬೇರೆ ದಾರಿಯಲ್ಲಿ: ಚರ್ಮದ ಮೇಲಿನಿಂದ 1064 ನ್ಯಾನೋಮೀಟರ್ ಲೇಸರ್, ಇಲ್ಲವೇ ಕೂದಲಿನಂಥ ಸೂಜಿಯನ್ನು ಗೆರೆಯ ಮೇಲೆ ಹಂತ ಹಂತವಾಗಿ ತಾಗಿಸಿ ವಿದ್ಯುತ್ತಿನಿಂದ ಬಿಸಿ ಮಾಡುವುದು. ಕಾಲಿನ ಗೆರೆಗಳಿಗೆ ನಾನು ಮೊದಲು ಕೈಹಾಕುವುದು ಇಂಜೆಕ್ಷನ್ನಿಗೇ. ತೀರಾ ತೆಳು ಕೆಂಪು ಗೆರೆ ಸೂಜಿಗೆ ಸಿಗದಿದ್ದಾಗ ಬಿಸಿ. ಯಾವುದೇ ಮಾಡಿದರೂ ಒಂದೇ ಸಲಕ್ಕೆ ಮಾಯವಾಗುವುದಿಲ್ಲ. ಕಂದು ಕಲೆ ಉಳಿದು ತಿಂಗಳುಗಳ ಮೇಲೆ ಮಾಸುತ್ತದೆ. ಮುಂದೆ ಹೊಸ ಗೆರೆ ಬರುವುದಿಲ್ಲ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಇಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಒಬ್ಬ ಮಹಿಳೆ ಕಣಕಾಲಿನ ಒಳಬದಿಯ ಬೀಸಣಿಗೆಯಂಥ ಗೆರೆಗಳನ್ನು ತೋರಿಸಿದರು. ಗಂಟು ಎಲ್ಲೂ ಇರಲಿಲ್ಲ. ಬರೀ ಚಂದದ ವಿಷಯ ಎಂದುಕೊಂಡು ಸ್ಕ್ಯಾನ್ ಮಾಡದೆ ಇಂಜೆಕ್ಷನ್ ಕೊಟ್ಟೆ. ಮೂರು ತಿಂಗಳಿಗೆ ಅದೇ ಜಾಗದಲ್ಲಿ ಕೆಂಪು ಮಬ್ಬಿನಂತೆ ಇನ್ನೂ ಸಣ್ಣ ಗೆರೆಗಳ ಗುಂಪು. ಆಗ ಸ್ಕ್ಯಾನ್ ಮಾಡಿದರೆ ತೊಡೆಯಿಂದ ಕಣಕಾಲಿನವರೆಗೆ ಸಫೀನಸ್ ಸೋರುತ್ತಿತ್ತು. ಆ ಜಾಗದ ಬೀಸಣಿಗೆ ಗೆರೆಗಳು ಒಳಗಿನ ಒತ್ತಡದ ಗುರುತು ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಕಣ್ಣಿಗೆ ಇಳಿದಿರಲಿಲ್ಲ.

ಹಾಗಂತ ಉಬ್ಬಿದ ನಾಳಗಳಿಗೆಲ್ಲ ಚಿಕಿತ್ಸೆ ಬೇಕಂತಿಲ್ಲ. ನೋವು, ಭಾರ, ಊತ ಇಲ್ಲದಿದ್ದರೆ ಸುಮ್ನೆ ನೋಡಿಕೊಂಡಿರಬಹುದು. ಗರ್ಭಿಣಿಯರಲ್ಲಿ ಹೆರಿಗೆಯಾಗುವವರೆಗೆ ನಾನು ಮುಟ್ಟುವುದಿಲ್ಲ, ಎಷ್ಟೋ ಸಲ ಆಮೇಲೆ ತಾನೇ ಇಳಿಯುತ್ತದೆ. ಆದರೆ ಕಣಕಾಲಿನ ಮೇಲೆ ಚರ್ಮ ಕಂದಾಗಿ ಗಟ್ಟಿಯಾಗುತ್ತಿದ್ದರೆ, ಹುಣ್ಣಾಗಿದ್ದರೆ ತಡ ಮಾಡಬೇಡಿ. ಹುಣ್ಣು ಮಾಯ್ದ ಮೇಲೆ ನಾಳದ ಚಿಕಿತ್ಸೆ ಎಂದು ಕಾಯುವುದು ಹಳೆಯ ರೂಢಿ. 2018ರಲ್ಲಿ ಪ್ರಕಟವಾದ ಇವ್ರಾ ಅಧ್ಯಯನ 450 ಜನರಲ್ಲಿ ಇದನ್ನು ಹೋಲಿಸಿ ನೋಡಿತು. ಬ್ಯಾಂಡೇಜಿನ ಜೊತೆಗೆ ಬೇಗನೆ ನಾಳ ಮುಚ್ಚಿದವರಲ್ಲಿ ಅರ್ಧದಷ್ಟು ಜನರ ಹುಣ್ಣು 56 ದಿನದೊಳಗೆ ಮಾಯಿತು, ಕಾದವರಲ್ಲಿ ಅದಕ್ಕೆ 82 ದಿನ ಬೇಕಾಯಿತು.

ಇನ್ನೊಂದು, ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಉಬ್ಬಿದ ನಾಳ ಒಡೆದರೆ ರಕ್ತ ಚಿಮ್ಮುತ್ತದೆ. ನಿಂತೇ ಇದ್ದರೆ, ಕುಳಿತರೆ ನಿಲ್ಲುವುದಿಲ್ಲ. ಮಲಗಿ, ಕಾಲನ್ನು ಎದೆಗಿಂತ ಮೇಲೆತ್ತಿ, ಶುಭ್ರ ಬಟ್ಟೆಯಿಂದ ಆ ಜಾಗವನ್ನು ಅದುಮಿ ಹಿಡಿಯಿರಿ. ಮೇಲೆ ದಾರ ಕಟ್ಟಬೇಡಿ, ಜಾಸ್ತಿಯಾಗುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಿ.

ಮೇಷ್ಟ್ರು ವಾರಕ್ಕೆ ಸರಿಯಾಗಿ ಮರುಸ್ಕ್ಯಾನಿಗೆ ಬಂದರು. ಸಂಜೆಯ ಭಾರ ಇಳಿದಿದೆಯಂತೆ. ತೊಡೆಯಲ್ಲಿ ಬಣ್ಣ ಸುರಿಯುತ್ತಿದ್ದ ಜಾಗ ಪರದೆಯ ಮೇಲೆ ಬೂದು ಗೆರೆಯಾಗಿತ್ತು. ನಾನು ಖುಷಿಯಿಂದ ತೋರಿಸಿದೆ. ಅವರು ಅದನ್ನು ನೋಡಲೇ ಇಲ್ಲ, ಪ್ಯಾಂಟ್ ಮಡಚಿ ಮೀನಖಂಡಕ್ಕೆ ಬೆರಳಿಟ್ಟರು.

"ಗಂಟು ಇನ್ನೂ ಇದೆಯಲ್ಲ ಡಾಕ್ಟ್ರೇ?"

"ಅರ್ಧ ಇಳಿದಿದೆ ಮೇಷ್ಟ್ರೇ. ಮೂರು ತಿಂಗಳು ಬಿಡಿ. ಉಳಿದರೆ 2 ಮಿಲಿಮೀಟರ್ ಗೀರಿನಲ್ಲಿ ತೆಗೆಯೋಣ."

"ಮೂರು ತಿಂಗಳಾ? ಪರೀಕ್ಷೆ ಪೇಪರ್ ತಿದ್ದೋ ಸಮಯ ಅದು," ಎಂದು ಲೆಕ್ಕ ಹಾಕುತ್ತಾ ಸ್ಟಾಕಿಂಗ್ಸ್ ಏರಿಸತೊಡಗಿದರು.