ಎಲೆ ಮುದುರಿದರೆ ವಿಶ್ವವಿದ್ಯಾಲಯಕ್ಕೆ ಬನ್ನಿ

ಅಮೆರಿಕದ ಟೆನೆಸ್ಸಿ ರಾಜ್ಯದಲ್ಲಿ 95 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ಈ 95ರಲ್ಲೂ ವಿಶ್ವವಿದ್ಯಾಲಯದ ಒಂದು ಕಚೇರಿ ಇದೆ. ಕ್ಯಾಂಪಸ್ ಅಲ್ಲ, ಕಾಲೇಜೂ ಅಲ್ಲ. ನಾಲ್ಕಾರು ಕೋಣೆ, ಒಂದು ಮೀಟಿಂಗ್ ಹಾಲ್, ಕೆಲವು ಕಡೆ ಒಂದು ಅಡುಗೆಮನೆ. ಎಕ್ಸ್‌ಟೆನ್ಷನ್ ಆಫೀಸ್, ಅಂದರೆ ವಿಸ್ತರಣಾ ಕಚೇರಿ, ಅಂತ ಹೊರಗೆ ಬೋರ್ಡ್ ಇರುತ್ತದೆ. ಇಲ್ಲಿ ಪ್ರವೇಶ ಪರೀಕ್ಷೆ ಇಲ್ಲ, ಪದವಿ ಕೊಡುವುದೂ ಇಲ್ಲ. ಕೌಂಟಿಯ ಯಾರು ಬೇಕಾದರೂ ಒಳಗೆ ಬಂದು ತಮ್ಮ ಪ್ರಶ್ನೆ ಕೇಳಬಹುದು. ನಾನು ಕೆಲಸ ಮಾಡುವುದು ಇಂಥದೊಂದು ಕಚೇರಿಯಲ್ಲಿ.

ಇಲ್ಲಿ ನೆಲೆಸಿರುವ ಕನ್ನಡದವರಲ್ಲಿ ಹೆಚ್ಚಿನವರಿಗೆ ಈ ಕಚೇರಿಯ ಪರಿಚಯವಿಲ್ಲ. ಮನೆ ತೆರಿಗೆ ಕಟ್ಟುತ್ತಾರೆ, ಅದರ ಒಂದು ಚೂರು ಈ ಕಚೇರಿಗೂ ಬರುತ್ತದೆ. ಆದರೆ ಹಿತ್ತಲಿನ ಟೊಮೇಟೊ ಗಿಡ ಮುದುರಿಕೊಂಡರೆ ಫೋನ್‌ನಲ್ಲಿ ಹುಡುಕುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಕೇಳುತ್ತಾರೆ, ಅಂಗಡಿಗೆ ಹೋಗಿ ಯಾವುದೋ ಔಷಧಿ ತಂದು ಹೊಡೆಯುತ್ತಾರೆ. ಅದಕ್ಕೇ ಈ ಅಂಕಣ.

ಟೊಮೇಟೊ ಮಾತು ಬಂತಲ್ಲ, ಅದನ್ನೇ ನೋಡೋಣ. ಮೇ, ಜೂನ್ ತಿಂಗಳಲ್ಲಿ ನಮ್ಮಲ್ಲಿಗೆ ಜಾಸ್ತಿ ಬರುವ ದೂರು ಇದು. ಗಿಡದ ತುದಿಯ ಎಲೆಗಳು ಸಣ್ಣಗಾಗಿ, ಸುರುಳಿ ಸುತ್ತಿಕೊಂಡು, ಜರಿಗಿಡದ ಎಲೆಯ ಹಾಗೆ ಆಗಿರುತ್ತವೆ. ತಂದವರು ವೈರಸ್ ಅಂದುಕೊಂಡಿರುತ್ತಾರೆ. ಎಷ್ಟೋ ಸಲ ವೈರಸ್ಸೇ ಇರಬಹುದು, ಪಕ್ಕದ ಹುಲ್ಲುಹಾಸಿಗೆ ಹೊಡೆದ ಕಳೆನಾಶಕ ಗಾಳಿಯಲ್ಲಿ ತೂರಿ ಬಂದಿರಬಹುದು. ಆದರೆ ತಪ್ಪು ಗೊಬ್ಬರದ್ದೂ ಇರಬಹುದು. ಹಾಗಾಗಿ ನಾವು ಮೊದಲು ಕೇಳುವ ಪ್ರಶ್ನೆ: ಗೊಬ್ಬರ ಎಲ್ಲಿಂದ ತಂದಿರಿ? ತುಂಬಾ ಸಲ ಬರುವ ಉತ್ತರ, ಪಕ್ಕದ ರೈತರೊಬ್ಬರು ಕುದುರೆ ಲಾಯದ ಗೊಬ್ಬರ ಪುಕ್ಕಟೆ ಕೊಟ್ಟರು ಅಂತ.

ಹುಲ್ಲುಗಾವಲಿನ ಕಳೆಗೆ ಅಮಿನೊಪೈರಾಲಿಡ್ ಎಂಬ ರಾಸಾಯನಿಕ ಹೊಡೆಯುತ್ತಾರೆ. ಹುಲ್ಲಿಗೆ ಏನೂ ಆಗುವುದಿಲ್ಲ, ಅಗಲ ಎಲೆಯ ಗಿಡಗಳು ಸಾಯುತ್ತವೆ. ಆ ಹುಲ್ಲನ್ನು ಕುದುರೆ ತಿಂದರೆ ಔಷಧಿ ಅದರ ಹೊಟ್ಟೆಯಲ್ಲಿ ಕರಗಿ ಹೋಗುವುದಿಲ್ಲ, ಲದ್ದಿಯಲ್ಲಿ ಹಾಗೇ ಹೊರಗೆ ಬರುತ್ತದೆ. ಗೊಬ್ಬರ ಕೊಳೆತರೂ ಬಹಳ ಕಾಲ ಉಳಿಯುತ್ತದೆ. ಟೊಮೇಟೊ, ಹುರುಳಿಕಾಯಿ, ಆಲೂಗಡ್ಡೆಗಳಿಗೆ ಅದರ ಚೂರೇ ಚೂರು ಸಾಕು.

ಇದನ್ನು ಪತ್ತೆ ಮಾಡಲು ದುಬಾರಿ ಯಂತ್ರ ಬೇಕಿಲ್ಲ. ಮೂರು ಕುಂಡದಲ್ಲಿ ಅನುಮಾನದ ಗೊಬ್ಬರ ಬೆರೆಸಿದ ಮಣ್ಣು, ಇನ್ನು ಮೂರರಲ್ಲಿ ಅಂಗಡಿಯ ಶುದ್ಧ ಪಾಟಿಂಗ್ ಮಣ್ಣು. ಎಲ್ಲದರಲ್ಲೂ ಹುರುಳಿಕಾಯಿ ಬೀಜ ಹಾಕಿ. ಒಂದರ ನೀರು ಇನ್ನೊಂದಕ್ಕೆ ಹರಿಯದ ಹಾಗೆ ಬೇರೆ ಬೇರೆ ತಟ್ಟೆಯಲ್ಲಿಡಿ. ಎರಡು ಮೂರು ವಾರ ಕಾಯಿರಿ. ಮೊದಲ ಮೂರರಲ್ಲಿ ಮಾತ್ರ ಎಲೆ ಬಟ್ಟಲಿನಂತೆ ಮಡಚಿಕೊಂಡರೆ ಗೊಬ್ಬರದ್ದೇ ತಪ್ಪು. ಇಷ್ಟನ್ನು ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು.

ಆದರೆ ನಮ್ಮ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಹುಲ್ಲು ಮಾರಿದ ರೈತರೂ ನಮ್ಮ ಕೌಂಟಿಯವರೇ. ಚಳಿಗಾಲದ ರೈತರ ಸಭೆಗೆ ಅವರೂ ಬರುತ್ತಾರೆ. ಔಷಧಿ ಹೊಡೆದ ಹುಲ್ಲು, ಅದರ ಗೊಬ್ಬರ ತೋಟಕ್ಕೆ ಹೋಗಬಾರದು ಅಂತ ಡಬ್ಬಿಯ ಲೇಬಲ್ ಮೇಲೇ ಇದೆ. ಲೇಬಲ್ ಹೇಳಿದ ಹಾಗೆ ನಡೆಯಿರಿ, ಹುಲ್ಲು, ಗೊಬ್ಬರ ಒಯ್ಯುವವರಿಗೂ ಇದನ್ನು ತಿಳಿಸಿ ಅಂತ ಸಭೆಯಲ್ಲಿ ಹೇಳುತ್ತೇವೆ. ಹಿತ್ತಲಿನವರ ತೊಂದರೆ ಹೀಗೆ ಹೊಲದವರಿಗೆ ಮುಟ್ಟುತ್ತದೆ. ದೂರದ ಹೆಲ್ಪ್‌ಲೈನ್‌ನಿಂದ ಇದು ಆಗುವ ಕೆಲಸವಲ್ಲ. ಎರಡೂ ಕಡೆಯವರ ಪರಿಚಯ ಇರುವ ಒಬ್ಬರು ಊರಲ್ಲೇ ಇರಬೇಕು. ಈ ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ.

ಇದು ಹೇಗೆ ಶುರುವಾಯಿತು? 1862ರಲ್ಲಿ ಲಿಂಕನ್ ಸಹಿ ಹಾಕಿದ ಮಾರಿಲ್ ಕಾಯ್ದೆ ರಾಜ್ಯಗಳಿಗೆ ಭೂಮಿ ಕೊಟ್ಟಿತು. ಅದನ್ನು ಮಾರಿ ಬಂದ ಹಣದಲ್ಲಿ ಕೃಷಿ, ಎಂಜಿನಿಯರಿಂಗ್ ಕಲಿಸುವ ಕಾಲೇಜು ನಡೆಸಬೇಕಿತ್ತು. ಲ್ಯಾಂಡ್ ಗ್ರಾಂಟ್ ವಿಶ್ವವಿದ್ಯಾಲಯ ಅನ್ನುವ ಹೆಸರು ಬಂದದ್ದು ಹೀಗೆ. ಆ ಭೂಮಿ ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು ಎಂಬುದನ್ನೂ ಹೇಳಲೇಬೇಕು. 1887ರ ಹ್ಯಾಚ್ ಕಾಯ್ದೆಯಿಂದ ಸಂಶೋಧನಾ ಕೇಂದ್ರಗಳು ಬಂದವು. ಆದರೂ ಅಲ್ಲಿ ಗೊತ್ತಾದದ್ದು ರೈತರಿಗೆ ಮುಟ್ಟುತ್ತಿರಲಿಲ್ಲ. ಕರಪತ್ರ ಅಚ್ಚು ಹಾಕಿಸಿ ಕಳಿಸುತ್ತಿದ್ದರು. ಓದಿದವರು ಕಡಿಮೆ, ನಂಬಿದವರು ಇನ್ನೂ ಕಡಿಮೆ.

1903ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸೀಮನ್ ನ್ಯಾಪ್ ಬೇರೆ ದಾರಿ ಹಿಡಿದರು. ಆಗ ಅವರಿಗೆ 70ರ ಆಸುಪಾಸು. ಟೆಕ್ಸಾಸ್‌ನ ಟೆರೆಲ್ ಎಂಬ ಊರಿಗೆ ಹೋಗಿ, ವಾಲ್ಟರ್ ಪೋರ್ಟರ್ ಎಂಬ ರೈತರ ಸ್ವಂತ ಹೊಲದಲ್ಲಿ, ಪೋರ್ಟರ್ ಕೈಯಲ್ಲೇ ಹೊಸ ಪದ್ಧತಿಯ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡುತ್ತೇವೆ ಅಂತ ಊರಿನ ವ್ಯಾಪಾರಿಗಳು ಹಣ ಕೂಡಿಸಿಟ್ಟರು. ಅದನ್ನು ಮುಟ್ಟಬೇಕಾಗಿ ಬರಲಿಲ್ಲ, ಪೋರ್ಟರ್‌ಗೆ ಲಾಭವೇ ಬಂತು. ಹತ್ತಿಕಾಯಿ ಸೊಂಡಿಹುಳು ಟೆಕ್ಸಾಸನ್ನು ತಿಂದು ಹಾಕುತ್ತಿದ್ದ ಕಾಲ ಅದು. ಸುದ್ದಿ ಹಬ್ಬಿತು. ಸರ್ಕಾರದ ಹೊಲದಲ್ಲಿ ಬೆಳೆದು ತೋರಿಸಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

1906ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಕಪ್ಪು ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಯೋಜನೆ ಹಾಕಿದ ಜೆಸಪ್ ವ್ಯಾಗನ್ ಹೊರಟಿತು. ನೇಗಿಲು, ಬೀಜ, ಹಾಲಿನ ಉಪಕರಣ ಹೇರಿಕೊಂಡು ಕಪ್ಪು ರೈತರ ಊರುಗಳಿಗೆ ಹೋದ ಕುದುರೆಗಾಡಿ ಅದು. ಕೊನೆಗೆ 1914ರ ಸ್ಮಿತ್-ಲೀವರ್ ಕಾಯ್ದೆ ಇದಕ್ಕೆಲ್ಲ ಒಂದು ಖಾಯಂ ರೂಪ ಕೊಟ್ಟಿತು. ಕೇಂದ್ರ, ರಾಜ್ಯ, ಕೌಂಟಿ, ಮೂರೂ ಕಡೆಯಿಂದ ಹಣ ಬರುವ ಏರ್ಪಾಟು ಇದು.

ಈ ಮೂರು ಕಡೆಯ ಹಣ ಅನ್ನುವುದು ಸಣ್ಣ ವಿಷಯ ಅಲ್ಲ. ಕೌಂಟಿ ಕಮಿಷನ್ ಪ್ರತಿ ವರ್ಷ ಬಜೆಟ್ ಮಾಡುವಾಗ ನಮ್ಮ ಪಾಲನ್ನೂ ಒಪ್ಪಬೇಕು. ಈ ಕಚೇರಿಯಿಂದ ನಮಗೇನು ಉಪಯೋಗ ಅಂತ ಜನರ ಪ್ರತಿನಿಧಿಗಳು ಎದುರಿಗೇ ಕೇಳುತ್ತಾರೆ. ಹಾಗಾಗಿ ಜನಕ್ಕೆ ಬೇಕಾದ್ದು ಬಿಟ್ಟು ನಮಗೆ ಇಷ್ಟವಾದದ್ದನ್ನೇ ಕಲಿಸಿಕೊಂಡು ಕೂರುವ ಹಾಗಿಲ್ಲ. ಇದರ ಕಷ್ಟವೂ ಇದೆ. ಹಣ ಬಿಗಿಯಾದ ವರ್ಷ, ಒಬ್ಬರು ನಿವೃತ್ತರಾದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಒಬ್ಬರೇ ಎರಡು ಕೌಂಟಿ ನೋಡಿಕೊಳ್ಳಬೇಕಾಗುತ್ತದೆ. ಆಗ ನಾನು ಮೇಲೆ ಹೇಳಿದ ಪರಿಚಯವೇ ಮೊದಲು ಕಳೆದುಹೋಗುತ್ತದೆ.

ಈಗ ಅಡುಗೆಮನೆಗೆ ಬರೋಣ. ಇಲ್ಲಿನ ಹಳ್ಳಿಗಳಲ್ಲಿ ಬೇಸಿಗೆಯ ತರಕಾರಿಯನ್ನು ಗಾಜಿನ ಜಾಡಿಗೆ ತುಂಬಿ ಚಳಿಗಾಲಕ್ಕೆ ಇಟ್ಟುಕೊಳ್ಳುವುದು ಹಳೇ ರೂಢಿ. ಹುಳಿ ಕಡಿಮೆ ಇರುವ ತರಕಾರಿಗೆ ಕುದಿಯುವ ನೀರು ಸಾಲದು. ಬಾಟುಲಿಸಂ ಎಂಬ ಪ್ರಾಣಾಪಾಯದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು 100 ಡಿಗ್ರಿಯಲ್ಲೂ ಬದುಕುತ್ತವೆ. ಗಾಳಿಯಿಲ್ಲದ ಜಾಡಿಯೊಳಗೆ ಅವು ವಿಷ ಹುಟ್ಟಿಸುತ್ತವೆ. ವಾಸನೆ, ಬಣ್ಣ ನೋಡಿ ಗೊತ್ತಾಗುವುದಿಲ್ಲ. 116 ಡಿಗ್ರಿ ಸೆಲ್ಸಿಯಸ್ ಬೇಕು, ಅದಕ್ಕೆ ಒತ್ತಡ ಬೇಕು. ಜಾಡಿಗಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆಗೆ ಕ್ಯಾನರ್ ಅನ್ನುತ್ತಾರೆ. ಸಮುದ್ರಮಟ್ಟದಿಂದ 1000 ಅಡಿಯೊಳಗಿನ ಊರಿನಲ್ಲಿ ತೂಕದ ಗೇಜ್ ಇರುವ ಕ್ಯಾನರ್‌ಗೆ 10 ಪೌಂಡ್ ಒತ್ತಡ, ಅದಕ್ಕಿಂತ ಎತ್ತರದಲ್ಲಿ 15. ಪೂರ್ವ ಟೆನೆಸ್ಸಿಯ ಬೆಟ್ಟದ ಊರುಗಳಲ್ಲಿ ಇದು ಬದಲಾಗುತ್ತದೆ. ಡಯಲ್ ಇರುವ ಕ್ಯಾನರ್ ಆದರೆ ಆ ಡಯಲ್ಲನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಡಯಲ್ ಕೂತಿರುವ ಅಜ್ಜಿಯ ಕಾಲದ ಮುಚ್ಚಳ ಹಿಡಿದು ಜನ ನಮ್ಮಲ್ಲಿಗೆ ಬರುತ್ತಾರೆ. 2 ಪೌಂಡ್‌ಗಿಂತ ಜಾಸ್ತಿ ತಪ್ಪು ತೋರಿಸಿದರೆ ಡಯಲ್ ಬದಲಿಸಿ ಅನ್ನುತ್ತೇವೆ.

ನಮ್ಮವರು ಕೇಳುವುದು: ಊರಿಂದ ತಂದ ಪ್ರೆಶರ್ ಕುಕ್ಕರ್‌ನಲ್ಲಿ ಮಾಡಬಹುದಾ? ಬೇಡ. ಸಣ್ಣ ಕುಕ್ಕರ್ ಬೇಗ ಬಿಸಿಯಾಗಿ ಬೇಗ ಆರುತ್ತದೆ. ಪುಸ್ತಕದಲ್ಲಿರುವ ಹೊತ್ತಿನ ಲೆಕ್ಕವೆಲ್ಲ ದೊಡ್ಡ ಕ್ಯಾನರ್‌ನಲ್ಲಿ ಪರೀಕ್ಷೆ ಮಾಡಿದ್ದು. ಬೇಳೆ ಹಾಕಿದ ಸಾಂಬಾರು ಗಟ್ಟಿಯಾಗಿರುತ್ತದೆ, ಬಿಸಿ ಜಾಡಿಯ ನಡುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಅದನ್ನು ಫ್ರೀಜರ್‌ನಲ್ಲಿಡಿ. ಹಸಿ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಅಪಾಯವೇ.

ಮಕ್ಕಳಿಗೆ 4-ಎಚ್ ಕಾರ್ಯಕ್ರಮ ಇದೆ. 1902ರಲ್ಲಿ ಒಹಾಯೊದಲ್ಲಿ ಒಂದು ಸಣ್ಣ ಕ್ಲಬ್ ಆಗಿ ಶುರುವಾದದ್ದು. ಟೆನೆಸ್ಸಿಯಲ್ಲಿ ನಾಲ್ಕನೇ ತರಗತಿಯಿಂದ ಶಾಲೆಗೇ ಹೋಗಿ ನಡೆಸುತ್ತೇವೆ. ಒಂಬತ್ತು ವರ್ಷದ ಮಗು ತರಗತಿಯ ಎದುರು ನಿಂತು ಭಾಷಣ ಮಾಡಲು ಕಲಿಯುತ್ತದೆ. ಕೋಳಿಮರಿ ಯೋಜನೆ ನನಗೆ ತುಂಬಾ ಇಷ್ಟ. ವಸಂತದಲ್ಲಿ ಮಕ್ಕಳು ಮರಿಗಳನ್ನು ಒಯ್ಯುತ್ತಾರೆ, ಸಾಕುತ್ತಾರೆ, ತಿಂದ ಕಾಳಿನ ಖರ್ಚು ಬರೆದಿಡುತ್ತಾರೆ. ಕೊನೆಗೆ ಪ್ರದರ್ಶನ, ಹರಾಜು. ಸತ್ತ ಮರಿಯನ್ನೂ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಈ ಸೇವೆ ಎಲ್ಲರಿಗೂ ಒಂದೇ ಥರ ಸಿಗುತ್ತಿರಲಿಲ್ಲ. ದಕ್ಷಿಣದ ರಾಜ್ಯಗಳಲ್ಲಿ 1914ರ ಹಣ ಹೆಚ್ಚೂಕಡಿಮೆ ಬಿಳಿಯರ ಕಾಲೇಜುಗಳ ಕೈಗೇ ಹೋಯಿತು. ಎಕ್ಸ್‌ಟೆನ್ಷನ್ ಕೆಲಸದ ಕಪ್ಪು ಸಿಬ್ಬಂದಿಗೆ ಬೇರೆ ಕಚೇರಿ, ಕಡಿಮೆ ಸಂಬಳ, ಜಾಸ್ತಿ ಊರು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವವರೆಗೂ ಹೀಗೇ ನಡೆಯಿತು. ಇವತ್ತು ನಮ್ಮ ರಾಜ್ಯದಲ್ಲಿ ಟೆನೆಸ್ಸಿ ವಿಶ್ವವಿದ್ಯಾಲಯವೂ, ಕಪ್ಪು ವಿದ್ಯಾರ್ಥಿಗಳಿಗಾಗಿ ಶುರುವಾದ ಟೆನೆಸ್ಸಿ ಸ್ಟೇಟ್ ವಿಶ್ವವಿದ್ಯಾಲಯವೂ ಸೇರಿ ಈ ಕೆಲಸ ಮಾಡುತ್ತವೆ. ಹಳೇ ಅನ್ಯಾಯ ನೆನಪಿರುವ ಮನೆಗಳು ಇನ್ನೂ ಇವೆ. ಅವರು ಬರಲಿ ಅಂತ ಕಾಯುತ್ತಾ ಕೂತರೆ ಆಗದು, ನಾವೇ ಅವರ ಚರ್ಚಿಗೆ, ಅವರ ಹೊಲಕ್ಕೆ ಹೋಗಬೇಕು.

ಕರ್ನಾಟಕಕ್ಕೂ ಇದಕ್ಕೂ ನಂಟಿದೆ. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಶುರುವಾದದ್ದು ಇದೇ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ. ನೆರವಿಗೆ ಬಂದದ್ದು ಟೆನೆಸ್ಸಿ ವಿಶ್ವವಿದ್ಯಾಲಯ. ಪಾಠ, ಸಂಶೋಧನೆ ಎರಡೂ ಚೆನ್ನಾಗಿ ಬೇರು ಬಿಟ್ಟವು. ಅದರ ಜಿಕೆವಿಕೆ ಕ್ಯಾಂಪಸ್‌ನ ಕೃಷಿ ಮೇಳಕ್ಕೆ ಸೇರುವ ಜನ ನೋಡಿದರೆ ವಿಶ್ವವಿದ್ಯಾಲಯದ ಮೇಲೆ ರೈತರಿಗೆ ಎಷ್ಟು ಭರವಸೆ ಇದೆ ಅಂತ ಗೊತ್ತಾಗುತ್ತದೆ. ಆದರೆ ಹಳ್ಳಿ ಮಟ್ಟದ ಸಿಬ್ಬಂದಿ ಕೃಷಿ ಇಲಾಖೆಯಲ್ಲೇ ಉಳಿದರು. ಹೋಬಳಿಯ ರೈತ ಸಂಪರ್ಕ ಕೇಂದ್ರ ಇಲಾಖೆಯದು. ಬಿತ್ತನೆ ಬೀಜ, ಸಬ್ಸಿಡಿ ಹಂಚುವ ಕೆಲಸವೇ ಅಲ್ಲಿ ತಲೆ ಮೇಲೆ ಇರುತ್ತದೆ. ಕೃಷಿ ವಿಜ್ಞಾನ ಕೇಂದ್ರಗಳು ಒಳ್ಳೇ ಕೆಲಸ ಮಾಡುತ್ತವೆ, ಆದರೆ ಒಂದು ಇಡೀ ಜಿಲ್ಲೆಗೆ ಬೆರಳೆಣಿಕೆಯ ವಿಜ್ಞಾನಿಗಳು. ಏನನ್ನೂ ಹಂಚದ, ಬರೀ ಪ್ರಶ್ನೆ ಕೇಳಿಸಿಕೊಳ್ಳುವ ವಿಶ್ವವಿದ್ಯಾಲಯದ ಒಬ್ಬರು ತಾಲ್ಲೂಕಿಗೊಬ್ಬರಾದರೂ ಇದ್ದರೆ ಎಷ್ಟು ಚೆನ್ನ ಅಲ್ವಾ?

ಅಮೆರಿಕದಲ್ಲಿರುವ ಕನ್ನಡದವರಿಗೆ ಕರಿಬೇವಿನ ವಿಷಯ ಒಂದು ಹೇಳಬೇಕು. ಫ್ಲೋರಿಡಾ, ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆಯಿಂದ ಸಸಿ ತಂದು ಗೆಳೆಯರಿಗೆ ಹಂಚಬೇಡಿ. ಕರಿಬೇವಿನ ಮೇಲೆ ಸಿಟ್ರಸ್ ಸಿಲ್ಲಿಡ್ ಎಂಬ ಸಣ್ಣ ಕೀಟ ಬದುಕುತ್ತದೆ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳು ಮಾಡುವ ಗ್ರೀನಿಂಗ್ ರೋಗವನ್ನು ಹರಡುವುದು ಅದೇ ಕೀಟ. ಫ್ಲೋರಿಡಾದ ಕಿತ್ತಳೆ ಬೆಳೆ ಇದರಿಂದ ನೆಲಕಚ್ಚಿದೆ. ಅದಕ್ಕೇ ಆ ರಾಜ್ಯಗಳಿಂದ ಗಿಡ ಸಾಗಿಸಲು ನಿರ್ಬಂಧಗಳಿವೆ. ಯಾವ ನರ್ಸರಿಯಿಂದ ತರಬಹುದು ಅಂತ ನಿಮ್ಮ ಕೌಂಟಿ ಕಚೇರಿಯನ್ನೇ ಕೇಳಿ.

ಮಣ್ಣು ಪರೀಕ್ಷೆಗೂ ಬನ್ನಿ. ಹಿತ್ತಲಿನ 10-15 ಕಡೆ ಮೇಲಿಂದ ಆರು ಇಂಚು ಆಳದವರೆಗಿನ ಮಣ್ಣು ತೆಗೆದು, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಬೆರೆಸಿ, ಒಣಗಿಸಿ, ಅದರಲ್ಲಿ ಒಂದೆರಡು ಕಪ್ ತನ್ನಿ. ಸತು ಲೇಪಿಸಿದ ಕಬ್ಬಿಣದ ತಗಡಿನ ಬಕೆಟ್ ಬೇಡ, ಆ ಸತು ಮಣ್ಣಿಗೆ ಸೇರುತ್ತದೆ. ಮಧ್ಯ ಟೆನೆಸ್ಸಿಯ ಸುಣ್ಣಕಲ್ಲಿನ ಮಣ್ಣಿನಲ್ಲಿ ಹಲವು ಕಡೆ ರಂಜಕ ಮೊದಲೇ ಧಾರಾಳ ಇರುತ್ತದೆ. ಅಲ್ಲಿ ಸುಮ್ನೆ ಚೀಲದ ಗೊಬ್ಬರ ಸುರಿದರೆ ಹಣವೂ ದಂಡ, ಹಳ್ಳದ ನೀರೂ ಹಾಳು. ಪರೀಕ್ಷೆಗೆ ಅಕ್ಟೋಬರ್, ನವೆಂಬರ್ ಒಳ್ಳೇ ಸಮಯ. ವಸಂತದಲ್ಲಿ ಲ್ಯಾಬ್‌ಗೆ ಎಲ್ಲರ ಮಣ್ಣೂ ಒಟ್ಟಿಗೆ ಬಂದು ಬೀಳುತ್ತದೆ. ಸುಣ್ಣ ಹಾಕಿ ಅಂತ ವರದಿ ಬಂದರೆ, ಅದು ಮಣ್ಣಲ್ಲಿ ಕೆಲಸ ಮಾಡಲು ಕೆಲವು ತಿಂಗಳು ಬೇಕು.