ಕನೊಸ್ಸಾ ಕೋಟೆಯ ಬಾಗಿಲಲ್ಲಿ ಗೆದ್ದವರು ಯಾರು?

ಓದುಗರ ಪ್ರಶ್ನೆ: 1077ರಲ್ಲಿ ಚಕ್ರವರ್ತಿ ನಾಲ್ಕನೇ ಹೆನ್ರಿ ಮೂರು ದಿನ ಬರಿಗಾಲಲ್ಲಿ ನಿಂತು ಪೋಪ್ ಏಳನೇ ಗ್ರೆಗರಿಯ ಕ್ಷಮೆ ಬೇಡಿದನಂತೆ. ಹಾಗಾದರೆ ಯೂರೋಪಿನಲ್ಲಿ ರಾಜರಿಗಿಂತ ಪೋಪರೇ ದೊಡ್ಡವರೆಂದು ಅಲ್ಲಿಗೆ ತೀರ್ಮಾನವಾಯಿತೇ?

ಉತ್ತರ: ತೀರ್ಮಾನವಾಗಲಿಲ್ಲ. ಆ ಜನವರಿಯ ಮಟ್ಟಿಗೆ ಲಾಭ ಮಾಡಿಕೊಂಡವನು ಹೆನ್ರಿ. ಮುಂದಿನ ಎರಡು ಮೂರು ಶತಮಾನಗಳ ಲೆಕ್ಕದಲ್ಲಿ ಲಾಭವಾದದ್ದು ಜರ್ಮನಿಯ ಸಾಮಂತರಿಗೆ. ಅಂದಹಾಗೆ, ಹೆನ್ರಿ ಆಗಿನ್ನೂ ಜರ್ಮನಿಯ ರಾಜನಷ್ಟೇ. ಅವನ ತಲೆಯ ಮೇಲೆ ಚಕ್ರವರ್ತಿಯ ಕಿರೀಟ ಬಂದದ್ದು 1084ರಲ್ಲಿ, ಅದೂ ಗ್ರೆಗರಿಯ ಕೈಯಿಂದಲ್ಲ.

ಜಗಳದ ಮೂಲದಲ್ಲಿದ್ದದ್ದು ಬಿಷಪ್ಪರನ್ನು ನೇಮಿಸುವ ಹಕ್ಕು. ಬಿಷಪ್ಪನೆಂದರೆ ಬರಿಯ ಧರ್ಮಗುರುವಲ್ಲ. ವಿಶಾಲವಾದ ಭೂಮಿ, ಸುಂಕದ ಹಕ್ಕು, ನ್ಯಾಯಾಧಿಕಾರಗಳೆಲ್ಲ ಅವನ ಕೈಯಲ್ಲಿದ್ದು, ರಾಜನು ಕರೆದಾಗ ಕುದುರೆ ಸವಾರರನ್ನು ಕಳುಹಿಸುವ ಹೊಣೆಯೂ ಅವನದಾಗಿತ್ತು. ಸಾಮಂತನು ಸತ್ತರೆ ಅವನ ಮಗ ಆ ಭೂಮಿ ತನ್ನದೆನ್ನುತ್ತಿದ್ದ. ಬಿಷಪ್ಪನ ಪದವಿಗೆ ಅಂಥ ಉತ್ತರಾಧಿಕಾರಿ ಇರಲಿಲ್ಲವಾದ್ದರಿಂದ, ಪ್ರತಿ ಸಲವೂ ತನಗೆ ನಂಬಿಕೆಯುಳ್ಳವನನ್ನು ಕೂರಿಸುವ ಅವಕಾಶ ರಾಜನಿಗೆ ದೊರೆಯುತ್ತಿತ್ತು. ಆದುದರಿಂದಲೇ ಹೊಸ ಬಿಷಪ್ಪನ ಕೈಗೆ ಪದವಿಯ ಗುರುತುಗಳಾದ ಉಂಗುರವನ್ನೂ ದಂಡವನ್ನೂ ರಾಜನೇ ಕೊಡುತ್ತಿದ್ದ. ಹೆನ್ರಿಯ ತಂದೆ ಮೂರನೇ ಹೆನ್ರಿಯಂತೂ 1046ರಲ್ಲಿ ಪೋಪ್ ಪದವಿಗೆ ಹೋರಾಡುತ್ತಿದ್ದವರನ್ನೆಲ್ಲ ಬದಿಗೆ ಸರಿಸಿ ಜರ್ಮನಿಯ ಬಿಷಪ್ಪನೊಬ್ಬನನ್ನು ಆ ಪೀಠದಲ್ಲಿ ಕೂರಿಸಿದ್ದನು.

ಅದೇ ಪೀಠ ಮೂವತ್ತು ವರ್ಷಗಳೊಳಗೆ ರಾಜನಿಗೆ ತಿರುಗಿ ನಿಂತದ್ದು ಒಬ್ಬ ಗ್ರೆಗರಿಯ ಹಟದಿಂದಲ್ಲ. ಪೋಪರನ್ನು ಆರಿಸುವಲ್ಲಿ ಚರ್ಚಿನ ಹಿರಿಯ ಧರ್ಮಗುರುಗಳಾದ ಕಾರ್ಡಿನಲ್‌ಗಳೇ ಮುಖ್ಯರೆಂಬ ನಿಯಮ 1059ರಲ್ಲಿ ಬಂದಿತ್ತು. ಮಿಲಾನ್ ನಗರದಲ್ಲಿ ಪಟಾರಿಯಾ ಎಂಬ ಚಳವಳಿಯ ಜನಸಾಮಾನ್ಯರು, ಹಣ ಕೊಟ್ಟು ಪದವಿ ಪಡೆದ ಪಾದ್ರಿಗಳ ಮತ್ತು ಹೆಂಡತಿಯರೊಡನೆ ಬಾಳುತ್ತಿದ್ದ ಪಾದ್ರಿಗಳ ಪೂಜೆಯೇ ಬೇಡವೆಂದು ಬೀದಿಗಿಳಿದಿದ್ದರು. ಅರಮನೆ ಮತ್ತು ಪೋಪ್‌ಪೀಠಗಳ ನಡುವಿನ ಪತ್ರಗಳನ್ನಷ್ಟೇ ನೋಡುತ್ತ ಹೋದರೆ ಈ ಬೀದಿಯ ಒತ್ತಡ ಕಣ್ತಪ್ಪುತ್ತದೆ. ನನ್ನ ಅಭಿಪ್ರಾಯದಲ್ಲಿ ಗ್ರೆಗರಿಯ ಮಾತಿಗೆ ಬಲ ಬಂದದ್ದು ಮುಖ್ಯವಾಗಿ ಇಲ್ಲಿಂದ. 1075ರಲ್ಲಿ ಹೆನ್ರಿ ತನ್ನವನೊಬ್ಬನನ್ನು ಅದೇ ಮಿಲಾನಿನ ಆರ್ಚ್‌ಬಿಷಪ್ಪನನ್ನಾಗಿ ನೇಮಿಸಿದಾಗ ಜಗಳ ಬಹಿರಂಗವಾಯಿತು. 1076ರ ಜನವರಿಯಲ್ಲಿ ವರ್ಮ್ಸ್ ನಗರದಲ್ಲಿ ಸೇರಿದ ಜರ್ಮನ್ ಬಿಷಪ್ಪರು ಗ್ರೆಗರಿಯನ್ನು ಪೋಪನೆಂದು ಒಪ್ಪುವುದಿಲ್ಲವೆಂದು ಸಾರಿದರು. ಫೆಬ್ರುವರಿಯಲ್ಲಿ ಗ್ರೆಗರಿ ಹೆನ್ರಿಗೆ ಧರ್ಮಬಹಿಷ್ಕಾರ ಹಾಕಿ, ಪ್ರಜೆಗಳು ಅವನಿಗೆ ಕೊಟ್ಟಿದ್ದ ನಿಷ್ಠೆಯ ಪ್ರಮಾಣವನ್ನೇ ರದ್ದುಗೊಳಿಸಿದನು.

ರಾಜನನ್ನು ಕಂಗೆಡಿಸಿದ್ದು ಈ ಎರಡನೆಯ ಮಾತು. ಸ್ಯಾಕ್ಸನಿಯಲ್ಲಿ 1073ರಲ್ಲೇ ದಂಗೆಯೆದ್ದು ಸೋತಿದ್ದವರಿಗೆ, ಮತ್ತು ರಾಜನ ಬಿಗಿ ಹಿಡಿತದಿಂದ ಬೇಸತ್ತಿದ್ದ ದಕ್ಷಿಣದ ಸಾಮಂತರಿಗೆ, ದ್ರೋಹವೆನಿಸಿಕೊಳ್ಳದೆ ಎದುರು ನಿಲ್ಲಲು ಧರ್ಮವೇ ದಾರಿ ತೆರೆದಂತಾಯಿತು. ಅವರು ಅಕ್ಟೋಬರಿನಲ್ಲಿ ಟ್ರಿಬೂರ್‌ನಲ್ಲಿ ಸೇರಿ, ವರ್ಷದೊಳಗೆ ಬಹಿಷ್ಕಾರ ನೀಗದಿದ್ದರೆ ಹೆನ್ರಿ ತಮ್ಮ ರಾಜನಲ್ಲವೆಂದು ನಿಶ್ಚಯಿಸಿದರಲ್ಲದೆ, ಫೆಬ್ರುವರಿಯಲ್ಲಿ ಆಗ್ಸ್‌ಬರ್ಗ್‌ನಲ್ಲಿ ನಡೆಯುವ ಸಭೆಗೆ ಸ್ವತಃ ಪೋಪನನ್ನೇ ಆಹ್ವಾನಿಸಿದರು. ಆ ಸಭೆ ನಡೆದಿದ್ದರೆ ಹೆನ್ರಿ ಆರೋಪಿಯಾಗಿ ನಿಲ್ಲಬೇಕಾಗಿತ್ತು.

ಅದನ್ನು ತಪ್ಪಿಸಲೆಂದೇ ಅವನು ಹೆಂಡತಿ ಬೆರ್ತಾಳನ್ನೂ ಎಳೆಯ ಮಗನನ್ನೂ ಕರೆದುಕೊಂಡು ಕಡುಚಳಿಯಲ್ಲಿ ಆಲ್ಪ್ಸ್ ದಾಟಿದನು. ಉತ್ತರಕ್ಕೆ ಹೊರಟಿದ್ದ ಗ್ರೆಗರಿ, ರಾಜನು ಬರುತ್ತಿರುವ ಸುದ್ದಿ ಕೇಳಿ, ಟಸ್ಕನಿಯ ಒಡತಿ ಮಟಿಲ್ಡಾಳ ಕನೊಸ್ಸಾ ಕೋಟೆಯನ್ನು ಸೇರಿಕೊಂಡನು. ರಾಜನು ಸೈನ್ಯದೊಡನೆ ಬಂದಿದ್ದರೆ ಬಾಗಿಲು ಮುಚ್ಚಿಕೊಂಡಿರಬಹುದಿತ್ತು. ಆದರೆ ಅವನು ಉಣ್ಣೆಯ ಬಟ್ಟೆಯುಟ್ಟು ಬರಿಗಾಲಲ್ಲಿ ಅಳುತ್ತ ಬಂದನು. ಪಶ್ಚಾತ್ತಾಪ ಪಟ್ಟು ಬಂದವನನ್ನು ತಿರುಗಿಸಿ ಕಳುಹಿಸುವುದು ಯಾವ ಪಾದ್ರಿಗೂ ಸುಲಭವಲ್ಲ. ಮೂರು ದಿನ ಕಾಯಿಸಿದ್ದಕ್ಕೇ ಅಲ್ಲಿದ್ದ ಕೆಲವರು ಇದು ಧರ್ಮಗುರುವಿನ ಕಟ್ಟುನಿಟ್ಟಲ್ಲ, ನಿರಂಕುಶನ ಕ್ರೌರ್ಯವೆಂದು ದೂರಿದರೆಂಬುದನ್ನು ಗ್ರೆಗರಿ ತಾನೇ ಜರ್ಮನ್ ಸಾಮಂತರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಆ ಪತ್ರದಲ್ಲಿ ಗೆದ್ದವನ ಹೆಮ್ಮೆಗಿಂತ, ಮಿತ್ರರಿಗೆ ಸಮಜಾಯಿಷಿ ಕೊಡಬೇಕಾದವನ ಇಕ್ಕಟ್ಟೇ ಹೆಚ್ಚಾಗಿ ಕಾಣುತ್ತದೆ. ಬಹಿಷ್ಕಾರ ನೀಗಿತು, ಆಗ್ಸ್‌ಬರ್ಗ್‌ನಲ್ಲಿ ಪೋಪನ ಮುಂದೆ ನಡೆಯಬೇಕಿದ್ದ ವಿಚಾರಣೆ ನಡೆಯಲೇ ಇಲ್ಲ.

ಮುಂದಿನದು ಬೇಗ ಹೇಳಿ ಮುಗಿಸಬಹುದು. 1080ರಲ್ಲಿ ಗ್ರೆಗರಿ ಮತ್ತೊಮ್ಮೆ ಬಹಿಷ್ಕಾರ ಹಾಕಿದಾಗ ಅದಕ್ಕೆ ಮೊದಲಿನ ಬಿಸಿ ಇರಲಿಲ್ಲ. ಹೆನ್ರಿ ಬೇರೊಬ್ಬ ಪೋಪನನ್ನು ನಿಲ್ಲಿಸಿ, ರೋಮ್ ನಗರವನ್ನು ಹಿಡಿದು, ಆತನಿಂದಲೇ ಕಿರೀಟ ತೊಡಿಸಿಕೊಂಡನು. ಗ್ರೆಗರಿ 1085ರಲ್ಲಿ ಸಲೆರ್ನೋದಲ್ಲಿ ರೋಮಿನಿಂದ ದೂರವೇ ತೀರಿಕೊಂಡನು. ಹೆನ್ರಿಯನ್ನು ಕೊನೆಗೆ ಪದಚ್ಯುತಗೊಳಿಸಿದ್ದು ಅವನ ಸ್ವಂತ ಮಗ.

ಆ ಮಗ ಐದನೇ ಹೆನ್ರಿ 1122ರಲ್ಲಿ ವರ್ಮ್ಸ್‌ನಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಉಂಗುರ ಮತ್ತು ದಂಡಗಳನ್ನು ಕೊಡುವ ಹಕ್ಕನ್ನು ಬಿಟ್ಟುಕೊಟ್ಟು, ಬಿಷಪ್ಪರ ಭೂಮಿ ಮತ್ತು ಲೌಕಿಕ ಅಧಿಕಾರಗಳನ್ನು ರಾಜದಂಡದಿಂದ ಮುಟ್ಟಿ ವಹಿಸುವ ಹಕ್ಕನ್ನು ಉಳಿಸಿಕೊಂಡನು. ಅಭಿಷಿಕ್ತನಾದ ರಾಜನು ಅರ್ಧ ಧರ್ಮಗುರುವೇ ಎಂಬ ಹಳೆಯ ಭಾವನೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಆದರೆ ನಾನು ಗಮನಿಸುವುದು ಐದನೇ ಹೆನ್ರಿಯ ಪತ್ರದ ಕೊನೆಯ ಭಾಗವನ್ನು: ಇವೆಲ್ಲವೂ ಕೆಳಗೆ ಹೆಸರಿಸಿರುವ ಸಾಮಂತರ ಒಪ್ಪಿಗೆ ಮತ್ತು ಸಲಹೆಯಿಂದ ನಡೆದವು ಎಂದು ಅಲ್ಲಿದೆ. ಕನೊಸ್ಸಾದ ಕ್ಷಮೆ ಸಿಕ್ಕಿ ಎರಡು ತಿಂಗಳೂ ಕಳೆಯುವ ಮುನ್ನ, 1077ರ ಮಾರ್ಚಿನಲ್ಲಿ, ಇಂಥ ಸಾಮಂತರೇ ಫೋರ್ಖೈಮ್‌ನಲ್ಲಿ ಸೇರಿ ರುಡಾಲ್ಫ್ ಎಂಬವನನ್ನು ಎದುರು ರಾಜನನ್ನಾಗಿ ಆರಿಸಿ, ಪಟ್ಟವು ಮಗನಿಗೆ ತಾನಾಗಿ ಬರತಕ್ಕದ್ದಲ್ಲ, ಆಯ್ಕೆಯಿಂದ ಬರತಕ್ಕದ್ದು ಎಂಬ ತತ್ವವನ್ನು ಎತ್ತಿ ಹಿಡಿದಿದ್ದರು. 1356ರ ಸ್ವರ್ಣಶಾಸನವೆಂಬ ಸಾಮ್ರಾಜ್ಯದ ಕಟ್ಟಳೆಯು ರಾಜನನ್ನು ಆರಿಸುವ ಅಧಿಕಾರವನ್ನು ಏಳು ಜನರಿಗೆ ಬರೆದುಕೊಟ್ಟಿತು; ಅವರಲ್ಲಿ ಮೂವರು ಆರ್ಚ್‌ಬಿಷಪ್ಪರು, ನಾಲ್ವರು ಅರಸರು. ಪೋಪನ ಒಪ್ಪಿಗೆ ಬೇಕೆಂಬ ಮಾತು ಆ ಶಾಸನದಲ್ಲಿ ಎಲ್ಲಿಯೂ ಇಲ್ಲ.