ಬೆಲೊದೆದಿಚ್: ದಾಖಲೆಯಲ್ಲಿ ಆ ನಾಲ್ಕು ವರ್ಷ ಯಾಕೆ ಖಾಲಿ?

ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಇಂಗ್ಲಿಷ್ ಕಾಗುಣಿತ ನೋಡಿ ಸುಮಾರು ಜನ ‘ಬೆಲೊಡೆಡಿಸಿ’ ಅಂತ ಓದುತ್ತಾರೆ. ನಾನೂ ಬಹಳ ದಿನ ಹಾಗೇ ಓದಿದ್ದೆ. ರೊಮೇನಿಯನ್ ಭಾಷೆಯಲ್ಲಿ ಕೊನೆಯ ‘ಐ’ ಅಕ್ಷರ ತನ್ನ ಹಿಂದಿರುವ ‘ಸಿ’ಯನ್ನು ‘ಚ್’ ಮಾಡಿ ತಾನು ಸುಮ್ಮನಾಗುತ್ತದೆ. ಹಾಗಾಗಿ ಈ ರೊಮೇನಿಯನ್ ಫುಟ್‌ಬಾಲ್ ಆಟಗಾರನ ಹೆಸರು ಮಿಯೊದ್ರಾಗ್ ಬೆಲೊದೆದಿಚ್.

ಹೆಸರು ಕೇಳಿದರೆ ಸರ್ಬಿಯಾದವರು ಅನ್ನಿಸುತ್ತದೆ, ಅಲ್ವಾ? ಆ ಅನುಮಾನ ಪೂರ್ತಿ ತಪ್ಪಲ್ಲ. ಅವರು ಹುಟ್ಟಿದ್ದು 1964ರ ಮೇ 20ರಂದು, ರೊಮೇನಿಯಾದ ಸೊಕೊಲ್ ಎಂಬ ಹಳ್ಳಿಯಲ್ಲಿ. ಯುಗೊಸ್ಲಾವಿಯಾದ ಗಡಿ ಅಲ್ಲಿಂದ ಕೂಗಳತೆ ದೂರ. ಮನೆಯವರು ಸರ್ಬ್ ಜನ. ಹುಡುಗ ಚಿಕ್ಕಂದಿನಿಂದ ಇಷ್ಟಪಟ್ಟಿದ್ದು ಗಡಿಯಾಚೆಯ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡವನ್ನು. ಈ ಗಡಿ ನೆನಪಿರಲಿ. ಮುಂದೆ ಇಡೀ ಕಥೆ ತಿರುಗುವುದು ಅಲ್ಲೇ.

ಈಗ ದಾಖಲೆ ನೋಡಿ. ರೊಮೇನಿಯಾ ಪರ 53 ಪಂದ್ಯ, 5 ಗೋಲು. ಇವರಿಗಿಂತ ಒಂದೇ ವರ್ಷ ಚಿಕ್ಕವರಾದ, ಅದೇ ರೊಮೇನಿಯಾ ತಂಡದ ಹೆಸರಾಂತ ಆಟಗಾರ ಗ್ಯೋರ್ಗೆ ಹಾಜಿ ಆಡಿದ್ದು 124 ಪಂದ್ಯ. ಬರೀ ಸಂಖ್ಯೆ ನೋಡಿದರೆ ಬೆಲೊದೆದಿಚ್ ಸಾಧಾರಣ ಡಿಫೆಂಡರ್ ಅಂತ ದಾಟಿಬಿಡುತ್ತೇವೆ. ಆದರೆ ವರ್ಷದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. 1984ರಲ್ಲಿ ಮೊದಲ ಪಂದ್ಯ. 1988ಕ್ಕೆ ಸಾಲು ನಿಲ್ಲುತ್ತದೆ. ಮತ್ತೆ ಶುರುವಾಗುವುದು 1992ರಲ್ಲಿ. ನಡುವೆ ಏನೂ ಇಲ್ಲ. 24ರಿಂದ 28ರ ವಯಸ್ಸು, ಆಟಗಾರನೊಬ್ಬನ ಅತಿ ಒಳ್ಳೆಯ ಕಾಲ ಅದು. ಗಾಯವೂ ಇಲ್ಲ, ಫಾರ್ಮ್ ಕೂಡ ಕೆಟ್ಟಿರಲಿಲ್ಲ. ಮತ್ತೆ ಏನಾಯಿತು?

ಅದಕ್ಕೆ ಮೊದಲು: ಲಿಬೆರೊ ಅಂದರೆ ಯಾರು?

ಇದು ಗೊತ್ತಿಲ್ಲದೆ ಅವರ ಆಟ ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಹೆಚ್ಚಿನ ತಂಡಗಳ ಡಿಫೆಂಡರ್‌ಗಳು ಎದುರಾಳಿ ಫಾರ್ವರ್ಡ್‌ಗಳಿಗೆ ಒಬ್ಬರಿಗೊಬ್ಬರಂತೆ ಅಂಟಿಕೊಂಡು ಆಡುತ್ತಿದ್ದರು. ಫಾರ್ವರ್ಡ್ ಎಲ್ಲಿ ಹೋದರೆ ಇವನೂ ಅಲ್ಲಿ. ಅವರೆಲ್ಲರ ಹಿಂದೆ ಒಬ್ಬ ನಿಲ್ಲುತ್ತಿದ್ದ. ಅವನಿಗೆ ಯಾರನ್ನೂ ಕಾಯುವ ಕೆಲಸ ಇಲ್ಲ. ಲಿಬೆರೊ ಎಂಬ ಇಟಾಲಿಯನ್ ಪದಕ್ಕೆ ‘ಬಿಡುವಾಗಿರುವವನು, ಸ್ವತಂತ್ರ’ ಎಂದು ಅರ್ಥ. ಮುಂದಿನವರನ್ನು ದಾಟಿ ಬಂದ ಚೆಂಡನ್ನು ಗುಡಿಸಿ ಹಾಕುವುದು ಅವನ ಮೊದಲ ಕೆಲಸ.

ಎರಡನೇ ಕೆಲಸ ಒಳ್ಳೆಯ ಲಿಬೆರೊಗೆ ಮಾತ್ರ ಆಗುವಂಥದ್ದು. ಚೆಂಡು ಕಿತ್ತುಕೊಂಡ ಮೇಲೆ ದೂರ ಒದ್ದು ಕೈ ತೊಳೆದುಕೊಳ್ಳುವುದಿಲ್ಲ. ತಾನೇ ಕಾಲಲ್ಲಿಟ್ಟುಕೊಂಡು ಮುಂದೆ ಹೊರಡುತ್ತಾನೆ. ಅವನನ್ನು ಕಾಯಲು ಎದುರಾಳಿಯಲ್ಲಿ ಯಾರನ್ನೂ ಇಟ್ಟಿರುವುದಿಲ್ಲವಲ್ಲ, ಹಾಗಾಗಿ ಮಿಡ್‌ಫೀಲ್ಡ್‌ನಲ್ಲಿ ಒಬ್ಬ ಜಾಸ್ತಿ ಆದಂತೆ. ಬೆಲೊದೆದಿಚ್ ಇದರಲ್ಲಿ ಪಳಗಿದವರು. ರೊಮೇನಿಯಾದಲ್ಲಿ ಅವರ ಅಡ್ಡಹೆಸರು ‘ಕಪ್ರಿಯೊಅರಾ’, ಅಂದರೆ ಜಿಂಕೆ. ಡಿಫೆಂಡರ್‌ಗಳಿಗೆ ಸಾಮಾನ್ಯವಾಗಿ ಗೂಳಿ, ಬಂಡೆ ಅಂತ ಹೆಸರಿಡುತ್ತಾರೆ. ಇವರಿಗೆ ಜಿಂಕೆ ಅಂತ ಇಟ್ಟಿದ್ದಾರೆ ಅಂದರೆ ಓಟದ ಅಂದ ಹೇಗಿತ್ತು ಅಂತ ಊಹಿಸಿಕೊಳ್ಳಿ.

ಸೆವಿಯಾ, 1986

1982ರಲ್ಲಿ ಅವರು ಸ್ಟ್ಯಾವಾ ಬುಕಾರೆಸ್ಟ್ ಸೇರಿದರು. ಇದು ಸೇನೆಯ ಕ್ಲಬ್, ರಕ್ಷಣಾ ಸಚಿವಾಲಯದ ಕೆಳಗೆ ಇತ್ತು. ಆಟಗಾರರಿಗೆ ಸೇನೆಯ ಹುದ್ದೆಗಳಿದ್ದವು. ಬದ್ಧ ಎದುರಾಳಿ ಡಿನಾಮೊ ಬುಕಾರೆಸ್ಟ್ ಗೃಹ ಸಚಿವಾಲಯದ ಕ್ಲಬ್. ಸರ್ವಾಧಿಕಾರಿ ಚೌಷೆಸ್ಕು ಆಳ್ವಿಕೆಯ ರೊಮೇನಿಯಾದಲ್ಲಿ ಫುಟ್‌ಬಾಲ್ ಲೀಗ್ ಅಂದರೆ ಒಂದು ರೀತಿ ಸಚಿವಾಲಯಗಳ ಜಗಳ. ಈ ಸೇನೆಯ ನಂಟು ಮುಂದೆ ಅವರಿಗೆ ಬಹಳ ದುಬಾರಿಯಾಯಿತು.

1986ರ ಮೇ 7. ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಫೈನಲ್, ಸ್ಪೇನ್‌ನ ಸೆವಿಯಾದಲ್ಲಿ. ಎದುರಿಗೆ ಬಾರ್ಸಿಲೋನಾ. ಆಡುತ್ತಿದ್ದುದು ಸ್ಪೇನ್ ನೆಲದಲ್ಲೇ, ಹಾಗಾಗಿ ಕ್ರೀಡಾಂಗಣದ ತುಂಬ ಅವರದೇ ಜನ. 120 ನಿಮಿಷ ಆಡಿದರೂ 0-0. ಆಗ ಬೆಲೊದೆದಿಚ್‌ಗೆ ಇನ್ನೂ 22 ತುಂಬಿರಲಿಲ್ಲ. ಪೆನಾಲ್ಟಿ ಶೂಟೌಟ್‌ನಲ್ಲಿ ಸ್ಟ್ಯಾವಾದ ಗೋಲ್‌ಕೀಪರ್ ಹೆಲ್ಮುತ್ ಡುಕಡಾಮ್ ಬಾರ್ಸಿಲೋನಾದ ನಾಲ್ಕೂ ಒದೆತಗಳನ್ನು ತಡೆದರು. ನಾಲ್ಕಕ್ಕೆ ನಾಲ್ಕು! ಸ್ಟ್ಯಾವಾ ಕೂಡ ಎರಡು ಹಾಳುಮಾಡಿತ್ತು, ಆದರೂ 2-0. ಪೂರ್ವ ಯುರೋಪಿನ ಕ್ಲಬ್‌ವೊಂದು ಈ ಕಪ್ ಗೆದ್ದಿದ್ದು ಅದೇ ಮೊದಲು.

ಎಲ್ಲರೂ ಡುಕಡಾಮ್ ಬಗ್ಗೆ ಬರೆಯುತ್ತಾರೆ, ಅದು ನ್ಯಾಯವೇ. ಆದರೆ 120 ನಿಮಿಷ ಬಾರ್ಸಿಲೋನಾ ಒಂದೂ ಗೋಲು ಹೊಡೆಯಲಿಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು. ಮುಂದಿನ ವರ್ಷ ಸ್ಟ್ಯಾವಾಕ್ಕೆ ಯುರೋಪಿಯನ್ ಸೂಪರ್ ಕಪ್ ಕೂಡ ಬಂತು. 1986ರ ಜೂನ್‌ನಿಂದ 1989ರ ಸೆಪ್ಟೆಂಬರ್‌ವರೆಗೆ ದೇಶದ ಲೀಗ್‌ನಲ್ಲಿ 104 ಪಂದ್ಯ ಸೋಲೇ ಇಲ್ಲ. ಈ ಸರಣಿಯ ಕೊನೆಯ ಭಾಗದಲ್ಲಿ ಬೆಲೊದೆದಿಚ್ ತಂಡದಲ್ಲಿ ಇರಲಿಲ್ಲ.

ಖಾಲಿ ಸಾಲು

1988ರ ಡಿಸೆಂಬರ್‌ನಲ್ಲಿ ಅವರು ಯುಗೊಸ್ಲಾವಿಯಾಕ್ಕೆ ಹೋದರು, ವಾಪಸ್ ಬರಲಿಲ್ಲ. ಚಿಕ್ಕಂದಿನಿಂದ ಪ್ರೀತಿಸಿದ್ದ ರೆಡ್ ಸ್ಟಾರ್ ಕ್ಲಬ್‌ನ ಬಾಗಿಲು ತಟ್ಟಿದರು. ನೆನಪಿಟ್ಟುಕೊಳ್ಳಲು ಒಂದು ಸುಲಭದ ದಾರಿ: ರೊಮೇನಿಯನ್‌ನಲ್ಲಿ ‘ಸ್ಟ್ಯಾವಾ’ ಅಂದರೂ ನಕ್ಷತ್ರವೇ. ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಹೋದರು.

ಬೇರೆ ದೇಶದಲ್ಲಾದರೆ ಇದನ್ನು ವರ್ಗಾವಣೆ ಅನ್ನುತ್ತಿದ್ದೆವು. ಅಲ್ಲಿ ಇದು ದೇಶದ್ರೋಹ. ಸೇನೆಯ ಕ್ಲಬ್ ಬಿಟ್ಟು ದೇಶದಾಚೆ ಓಡಿದವರು ಅಂತ ಅವರು ಇಲ್ಲದಿರುವಾಗಲೇ ವಿಚಾರಣೆ ನಡೆಸಿ 10 ವರ್ಷ ಜೈಲು ಶಿಕ್ಷೆ ವಿಧಿಸಿದರು. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಒಂದು ವರ್ಷ ನಿಷೇಧ ಹಾಕಿತು. ಆಡಲು ಬಂದವರು ಅಧಿಕೃತ ಪಂದ್ಯ ಆಡುವ ಹಾಗಿಲ್ಲ, ಊರಿಗೆ ಹೋಗುವ ಹಾಗಿಲ್ಲ. 1989ರ ಮೇ ತಿಂಗಳಲ್ಲಿ ಸ್ಟ್ಯಾವಾ ಮತ್ತೆ ಯುರೋಪಿಯನ್ ಕಪ್ ಫೈನಲ್ ತಲುಪಿ ಇಟಲಿಯ ಮಿಲಾನ್ ಕೈಯಲ್ಲಿ 4-0 ಪೆಟ್ಟು ತಿಂದಿತು. ಇವರಿದ್ದಿದ್ದರೆ ಗೆಲ್ಲುತ್ತಿತ್ತು ಅಂತ ನಾನು ಹೇಳುವುದಿಲ್ಲ. ಆ ಮಿಲಾನ್ ಮುಂದೆ ಯಾರಿದ್ದರೂ ಕಷ್ಟವಿತ್ತು. ಆದರೂ ನಾಲ್ಕು ಗೋಲು ನೋಡಿದಾಗ ಹಿಂದೆ ನಿಲ್ಲುತ್ತಿದ್ದ ಆ ಜಿಂಕೆ ನೆನಪಾಗದೆ ಇರುವುದಿಲ್ಲ.

ಒಂದೇ ವರ್ಷದಲ್ಲಿ ಎಲ್ಲ ತಲೆಕೆಳಗಾಯಿತು. 1989ರ ಡಿಸೆಂಬರ್‌ನಲ್ಲಿ ಕ್ರಾಂತಿ ನಡೆದು ಚೌಷೆಸ್ಕು ಆಡಳಿತ ಬಿತ್ತು. ಶಿಕ್ಷೆಗೆ ಅರ್ಥ ಉಳಿಯಲಿಲ್ಲ. ಆದರೂ 1990ರ ವಿಶ್ವಕಪ್‌ಗೆ ಇಟಲಿಗೆ ಹೋದ ರೊಮೇನಿಯಾ ತಂಡದಲ್ಲಿ ಅವರಿರಲಿಲ್ಲ. ದಾಖಲೆಯ ಆ ಖಾಲಿ ಜಾಗದ ಬೆಲೆ ಇಷ್ಟು: ಒಂದು ವಿಶ್ವಕಪ್, ನಾಲ್ಕು ವರ್ಷದ ಪಂದ್ಯಗಳು.

ಬಾರಿ, 1991

ಈ ಊರಿನ ಹೆಸರು ಬಾರಿ, ಇಟಲಿಯಲ್ಲಿದೆ. ಇಲ್ಲಿ ಬಹಳ ಜನ ಎರಡು ಫೈನಲ್‌ಗಳನ್ನು ಕಲಸಿಕೊಳ್ಳುತ್ತಾರೆ, ಯಾಕೆಂದರೆ ಎರಡೂ ಅವಳಿ-ಜವಳಿ. 1991ರ ಮೇ 29ರಂದು ಯುರೋಪಿಯನ್ ಕಪ್ ಫೈನಲ್‌ನಲ್ಲಿ ರೆಡ್ ಸ್ಟಾರ್ ಎದುರು ಫ್ರಾನ್ಸ್‌ನ ಮಾರ್ಸೆ. ಮತ್ತೆ 120 ನಿಮಿಷ, ಮತ್ತೆ 0-0, ಮತ್ತೆ ಪೆನಾಲ್ಟಿ. ಸಾವಿಚೆವಿಚ್, ಪ್ರೊಸಿನೆಚ್ಕಿ, ಪಾಂಚೆವ್‌ರಂಥ ಪ್ರತಿಭಾವಂತರಿದ್ದ ರೆಡ್ ಸ್ಟಾರ್ ಅಷ್ಟು ಮಂಕಾಗಿ ಆಡಿದ್ದು ನೋಡಿ ಹಲವರು ಬೇಸರಪಟ್ಟರು. ಆದರೆ ಅದು ಬೇಕಂತಲೇ ಮಾಡಿದ್ದು. ಆಗಿನ ಯುಗೊಸ್ಲಾವ್ ಲೀಗ್‌ನಲ್ಲಿ ಒಂದು ವಿಚಿತ್ರ ನಿಯಮ ಇತ್ತು. ಪಂದ್ಯ ಸಮಬಲವಾದರೆ ಶೂಟೌಟ್, ಅದರಲ್ಲಿ ಗೆದ್ದವರಿಗಷ್ಟೇ ಒಂದು ಅಂಕ. ಹಾಗಾಗಿ ಬೇರೆ ತಂಡಗಳಿಗೆ ಪೆನಾಲ್ಟಿ ಅಂದರೆ ಎದೆ ನಡುಕ, ಇವರಿಗೆ ಅದು ಲೀಗ್‌ನ ಮಾಮೂಲಿ ಕೆಲಸ.

ಮಾರ್ಸೆಯ ಮೊದಲ ಒದೆತವನ್ನೇ ಗೋಲ್‌ಕೀಪರ್ ಸ್ತೊಯಾನೊವಿಚ್ ತಡೆದರು. ರೆಡ್ ಸ್ಟಾರ್ ಐದಕ್ಕೆ ಐದು ಹೊಡೆಯಿತು. 5-3. ಸೆವಿಯಾದಲ್ಲಿ ಬೆಲೊದೆದಿಚ್ ಸರದಿಯೇ ಬಂದಿರಲಿಲ್ಲ. ಇಲ್ಲಿ ಮೂರನೆಯವರಾಗಿ ಬಂದು ಹೊಡೆದರು. ಫೈನಲ್‌ನಲ್ಲಿ ಆಡಿ, ಎರಡು ಬೇರೆ ಕ್ಲಬ್‌ಗಳ ಪರ ಈ ಕಪ್ ಗೆದ್ದ ಮೊದಲ ಆಟಗಾರ ಅವರು. ಪೂರ್ವ ಯುರೋಪಿನ ಕ್ಲಬ್‌ಗಳು ಇವತ್ತಿನವರೆಗೆ ಈ ಕಪ್ ಗೆದ್ದಿದ್ದೇ ಎರಡು ಸಲ. ಎರಡರಲ್ಲೂ ಇದ್ದವರು ಇವರೊಬ್ಬರೇ. ಗುರುತು ಹಾಕಿಕೊಳ್ಳಬೇಕಾದ ಸಾಲು ಇದು.

ಫೈನಲ್ ಮುಗಿದು ಒಂದು ತಿಂಗಳಾಗುವಷ್ಟರಲ್ಲಿ ಯುಗೊಸ್ಲಾವಿಯಾದಲ್ಲಿ ಯುದ್ಧ ಶುರುವಾಯಿತು. ಮುಂದಿನ ಸೀಸನ್‌ನಲ್ಲಿ ರೆಡ್ ಸ್ಟಾರ್ ತನ್ನ ಯುರೋಪಿಯನ್ ತವರು ಪಂದ್ಯಗಳನ್ನು ಹಂಗರಿ, ಬಲ್ಗೇರಿಯಾಗಳಲ್ಲಿ ಆಡಬೇಕಾಯಿತು. ತಂಡ ಚೂರುಚೂರಾಯಿತು. 1992ರಲ್ಲಿ ಬೆಲೊದೆದಿಚ್ ಸ್ಪೇನ್‌ನ ವಲೆನ್ಸಿಯಾಕ್ಕೆ ಹೋದರು. ಆಮೇಲೆ ವಯ್ಯಾದೊಲಿದ್, ವಿಯ್ಯಾರಿಯಲ್, ಮೆಕ್ಸಿಕೊದ ಅಟ್ಲಾಂಟೆ. ಈ ಭಾಗವನ್ನು ಒಂದೇ ಸಾಲಲ್ಲಿ ಬರೆದುಕೊಂಡರೆ ಸಾಕು.

ಮೂರನೇ ಶೂಟೌಟ್

1992ರಲ್ಲಿ ರೊಮೇನಿಯಾ ಅವರನ್ನು ವಾಪಸ್ ಕರೆಯಿತು. 1994ರ ವಿಶ್ವಕಪ್‌ನಲ್ಲಿ ಆ ತಂಡ ಅರ್ಜೆಂಟೀನಾವನ್ನು 3-2ರಿಂದ ಮನೆಗೆ ಕಳಿಸಿತು. ಕ್ವಾರ್ಟರ್ ಫೈನಲ್ ಜುಲೈ 10ರಂದು, ಸ್ವೀಡನ್ ವಿರುದ್ಧ. ಹೆಚ್ಚುವರಿ ಸಮಯದಲ್ಲಿ ರೊಮೇನಿಯಾ 2-1 ಮುಂದಿತ್ತು, ಸ್ವೀಡನ್‌ನಲ್ಲಿ ಹತ್ತೇ ಜನ ಉಳಿದಿದ್ದರು. 115ನೇ ನಿಮಿಷದಲ್ಲಿ ಕೆನೆಟ್ ಆಂಡರ್ಸನ್ ತಲೆಯಿಂದ ಗೋಲು ಹೊಡೆದು ಸಮ ಮಾಡಿದರು. ಮತ್ತೆ ಪೆನಾಲ್ಟಿ.

ಐದೈದು ಮುಗಿದಾಗಲೂ ಸಮ. ಆರನೇ ಒದೆತವನ್ನು ಸ್ವೀಡನ್‌ನ ಹೆನ್ರಿಕ್ ಲಾರ್ಸನ್ ಗೋಲಾಗಿಸಿದರು. ರೊಮೇನಿಯಾದ ಆರನೆಯವರು ಬೆಲೊದೆದಿಚ್. ಎರಡು ಕಪ್‌ಗಳನ್ನು ಪೆನಾಲ್ಟಿಯಲ್ಲೇ ಗೆದ್ದವರು, ಬಾರಿಯಲ್ಲಿ ಅಳುಕದೆ ಹೊಡೆದವರು. ಗೋಲ್‌ಕೀಪರ್ ತೊಮಾಸ್ ರವೆಲಿ ಹಾರಿ ತಡೆದುಬಿಟ್ಟರು. ಸ್ವೀಡನ್ ಸೆಮಿಫೈನಲ್‌ಗೆ ಹೋಯಿತು.

1998ರಲ್ಲಿ ಅವರು ಸ್ಟ್ಯಾವಾಕ್ಕೆ ಮರಳಿದರು. ಹತ್ತು ವರ್ಷದ ಹಿಂದೆ ಓಡಿಹೋದವ ಅನ್ನಿಸಿಕೊಂಡಿದ್ದ ಅದೇ ಕ್ಲಬ್. 36ರ ವಯಸ್ಸಿನಲ್ಲಿ 2000ದ ಯುರೋ (ಯುರೋಪಿನ ದೇಶಗಳ ಚಾಂಪಿಯನ್‌ಷಿಪ್) ಆಡಿದ ರೊಮೇನಿಯಾ ತಂಡದಲ್ಲೂ ಜಾಗ ಸಿಕ್ಕಿತು. 2001ರಲ್ಲಿ ಸ್ಟ್ಯಾವಾ ಲೀಗ್ ಗೆದ್ದಿತು. ಆ ವರ್ಷವೇ ಅವರು ಆಟ ನಿಲ್ಲಿಸಿದರು, 37 ತುಂಬಿತ್ತು.